ಹರಿದ ಟಿಕೆಟ್ಟೂ ಮಾವನ ಬೀಗವೂ

ನಮ್ಮ ಸೋದರಮಾವನ ಮನೆಯ ಬೀಗವನ್ನು ಕಳ್ಳನಾದವನು ಹಾಡಹಗಲೇ ತೆಗೆಯಬಹುದಿತ್ತು. ನಮ್ಮತ್ತೆಗೆ ಮಾತ್ರ ಸಾಧ್ಯವಿರಲಿಲ್ಲ! ಅಷ್ಟಕ್ಕೂ ಒಳಗೆ ಇದ್ದದ್ದಾದರೂ ಏನು? ಎರಡು ತಪ್ಪಲೆ, ಒಂದು ಬೀಸುಕಲ್ಲು, ಒಂದು ತಗಡಿನ ಟ್ರಂಕು.

ಮಾವ ಪಾಂಡವಪುರದಲ್ಲಿ ಖಾಸಗಿ ಬಸ್ಸಿನ ಕಂಡಕ್ಟರು. ಕೂತಲ್ಲಿ ಕೂರದ ಜೀವ. ನಾನು ಎಸ್ಸೆಸ್ಸೆಲ್ಸಿ ಪಾಸಾದ ವರ್ಷ, ಇದ್ದಕ್ಕಿದ್ದಂತೆ ಹಿತ್ತಾಳೆ ಬೀಗವೊಂದನ್ನು ತಂದರು. ಬೀಗದ ಕೈ ಬಸ್ ಸ್ಟ್ಯಾಂಡಿನ ಸೋಡಾ ಅಂಗಡಿ ಸಾಬರ ಬಳಿ. ಆ ದಿನದ ಗುಟ್ಟಿನ ಮಾತು ಹೇಳಿದವರಿಗಷ್ಟೇ ಅದು ಸಿಗಬೇಕು. ಆ ಗುಟ್ಟನ್ನು ಮಾವ ಸಾಬರಿಗೆ ತಿಳಿಸುತ್ತಿದ್ದದ್ದು ಹೇಗೆ? ಹೊರಟ ಬಸ್ಸಿನ ಫುಟ್‌ಬೋರ್ಡಿನಿಂದ!

"ಸಾಬ್ರೇ, ಇವತ್ತು ಉಳ್ಳಿಕಾಳು! ಯಾರ್ಗೂ ಏಳ್ಬ್ಯಾಡಿ!"

ಇಡೀ ಬಸ್ ಸ್ಟ್ಯಾಂಡಿಗೆ ಗೊತ್ತಾಯಿತು, ಹೊಲದಲ್ಲಿದ್ದ ಅತ್ತೆಯೊಬ್ಬಳನ್ನು ಬಿಟ್ಟು. ಸಂಜೆ ಅವಳು ಬಂದರೆ ಸಾಬರು ಕೈ ಕಟ್ಟಿ ನಿಂತರು.

"ಮಾತು ಏಳಮ್ಮಾ."

"ನಿಮ್ಮನೆ ಬಾಣಂತನ ಮಾಡ್ದೋಳು ನಾನು ಕಣ್ರೀ!"

"ಅದು ಸಚ್ಚಿ ಮಾತು. ಆದ್ರೆ ಇವತ್ತಿಂದು?"

ಕೊನೆಗೆ ಕಡಲೆಕಾಯಿ ಮಾರುವವಳೇ ಅತ್ತೆಗೆ ಹೇಳಿಕೊಟ್ಟಳು.

ಮಾವ ಬುದ್ಧಿ ಕಲಿತರು. ಒಂದು ಟಿಕೆಟ್ಟನ್ನು ಅಡ್ಡ ಹರಿದು ಅರ್ಧ ಸಾಬರಿಗೆ, ಅರ್ಧ ಅತ್ತೆಗೆ ಕೊಟ್ಟರು. ಹರಿದ ಅಂಚು ಕೂಡಿದರಷ್ಟೇ ಬೀಗದ ಕೈ. "ನಾನೇ ಕೇಳುದ್ರೂ ಕೊಡಬ್ಯಾಡಿ" ಎಂದು ತಾಕೀತು ಬೇರೆ!

ಇದರ ತೂತು ಬಯಲಾದದ್ದು ಯಾವತ್ತು ಗೊತ್ತೇ? ಶ್ರೀರಂಗಪಟ್ಟಣದಲ್ಲಿ ನನಗೆ ಟೀಚರ್ ಕೆಲಸದ ಇಂಟರ್‌ವ್ಯೂ ಇದ್ದ ಬೆಳಿಗ್ಗೆ! ಕೆ.ಆರ್.ಪೇಟೆಯ ನಮ್ಮ ಮನೆ ಸೋರುತ್ತಿತ್ತೆಂದು ನನ್ನ ಅಂಕಪಟ್ಟಿಯನ್ನು ಮಾವನ ಟ್ರಂಕಿನಲ್ಲಿಟ್ಟಿದ್ದೆವು. ಅದಿಲ್ಲದೆ ಕೆಲಸವಿಲ್ಲ. ಮಾವನ ಬಸ್ಸು ತಪ್ಪಿದರೆ ಹೊತ್ತಿಗೆ ಸರಿಯಾಗಿ ಬೇರೆ ಬಸ್ಸೂ ಇಲ್ಲ. ನಾನು ಬಂದಿಳಿದಾಗ ಅತ್ತೆ ಮನೆಗೆ ಬೀಗ ಒತ್ತಿ ಬಸ್ ಸ್ಟ್ಯಾಂಡಿಗೇ ಬಂದಿದ್ದಳು. ಡ್ರೈವರು ಹಾರನ್ ಒತ್ತುತ್ತಲೇ ಇದ್ದ.

"ಎಲ್ಲಮ್ಮೀ ನಿನ್ ಅರ್ಧ ಟಿಕೀಟು?" ಎಂದರು ಮಾವ.

"ಜ್ವಾಪಾನಾಗಿ ಮನೇಲಿ ಸಾಸ್ವೆ ಡಬ್ಬೀಲಿ ಮಡಗಿವ್ನಿ!"

ಮಾವ ಸಾಬರತ್ತ ಕೈ ಚಾಚಿದರು. ಸಾಬರು ಗಲ್ಲಾ ಮುಚ್ಚಿದರು. "ನೀವೇ ಕೇಳುದ್ರೂ ಕೊಡಬ್ಯಾಡಿ ಅಂದಿದ್ರಲ್ಲಾ!"

ಯಾರಿಗಾಗಿಯೂ ಅರೆ ನಿಮಿಷ ಬಸ್ಸು ನಿಲ್ಲಿಸದ ಮಾವ, ಸೀಟಿಯನ್ನು ಡ್ರೈವರನ ಕೈಗೆ ತುರುಕಿ ಮನೆಯತ್ತ ಓಡಿದರು. ಕಲ್ಲಿನಿಂದ ಬೀಗ ಜಜ್ಜಿ, ಅಂಕಪಟ್ಟಿಯನ್ನು ಎದೆಗವಚಿಕೊಂಡು ಏದುಸಿರು ಬಿಡುತ್ತಾ ಬಂದರು. ಬೆರಳಲ್ಲಿ ರಕ್ತ.

"ಅಷ್ಟು ಚೆಂದದ ಬೀಗ ಹಾಳಾಯ್ತಲ್ಲ ಮಾವ!"

"ಓಗ್ಲಿ ಬುಡವ್ವಾ. ಇದ್ನ ಕಾಯಕ್ಕೇ ತಾನೆ ಬೀಗ ತಂದಿದ್ದು? ಇನ್ನೇನದೆ ನಮ್ಮನೇಲಿ?"

ನನಗೆ ಅಳು ಬಂದುಬಿಟ್ಟಿತು. ಶ್ರೀರಂಗಪಟ್ಟಣದಲ್ಲಿ ಇಳಿದು ಹತ್ತು ಹೆಜ್ಜೆ ಹೋಗಿರಲಿಲ್ಲ, ಹೊರಟ ಬಸ್ಸಿನ ಫುಟ್‌ಬೋರ್ಡಿನಿಂದ ಮಾವ ಊರಿಗೆಲ್ಲ ಕೇಳುವಂತೆ ಕೂಗಿದರು:

"ಜ್ವಾಪಾನ ಕಣವ್ವಾ! ಇಂಟರ್‌ವ್ಯೂ ಸಾಯೇಬ್ರೇ ಕೇಳುದ್ರೂ ಕೊಡಬ್ಯಾಡ, ತೋರ್ಸು ಸಾಕು!"