ಬಿಟ್ಟುಹೋದ ಐದನೆಯ ಪ್ಯಾರಾ

ಸರ್ಕಾರಿ ಕಚೇರಿಯಲ್ಲಿ ಏನು ಎಡವಟ್ಟಾದರೂ ‘ಟೈಪಿಂಗ್ ತಪ್ಪು’ ಎಂದು ಹೇಳಿ ಕೈತೊಳೆದುಕೊಳ್ಳುವ ಪದ್ಧತಿ ಇದೆ. ನಮ್ಮ ಕಚೇರಿಯಲ್ಲೂ ಅಂಥದೊಂದು ಕಥೆ ಚಾಲ್ತಿಯಲ್ಲಿದೆ. ಕರಾವಳಿಯಲ್ಲಿ ನದಿ ಸಮುದ್ರ ಸೇರುವ ಒಂದು ಅಳಿವೆಯ ಹೂಳೆತ್ತುವ ಫೈಲಿನಲ್ಲಿ ಐದನೆಯ ಪ್ಯಾರಾ ಬಿಟ್ಟುಹೋಯಿತು, ಅದು ಟೈಪಿಸ್ಟ್ ನಾಗವೇಣಿಯವರ ಕಣ್ತಪ್ಪು, ಅದಕ್ಕೇ ಅವರಿಗೆ ವರ್ಗವಾಯಿತು ಎಂದು. ಇದನ್ನು ನಾನು ಒಪ್ಪುವುದಿಲ್ಲ. ಒಪ್ಪದಿರುವುದು ನನ್ನ ಕಸುಬು ಕೂಡ ಹೌದು. ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಏಳು ಶೀಲ್ಡು ಗೆದ್ದವನು ನಾನು. ಪರವೋ ವಿರೋಧವೋ ಎಂದು ಚೀಟಿ ಎತ್ತಿ ನೋಡಿದ ಮೇಲೆಯೇ ನನಗೆ ಅಭಿಪ್ರಾಯ ಹುಟ್ಟುತ್ತಿದ್ದದ್ದು. ಮನೆಯಲ್ಲಿ ಅಮ್ಮ, “ಉಪ್ಪಿಟ್ಟು ಸಾಕೇನೋ?” ಎಂದು ಕೇಳಿದರೆ, ಸಾಕು ಎಂದರೇನು ಎಂಬುದನ್ನು ಮೊದಲು ತೀರ್ಮಾನಿಸೋಣ ಎಂದು ಶುರುಮಾಡುತ್ತಿದ್ದೆ. ತೀರ್ಮಾನವಾಗುವಷ್ಟರಲ್ಲಿ ನನ್ನ ತಮ್ಮ ಬಾಣಲೆ ಖಾಲಿ ಮಾಡಿರುತ್ತಿದ್ದ.

ನಮ್ಮ ಕಚೇರಿ ಇದ್ದದ್ದು ಆರ್.ಟಿ. ನಗರದ ಒಂದು ಬಾಡಿಗೆ ಮನೆಯಲ್ಲಿ. ಕರಾವಳಿಯಲ್ಲಿ ಯಾರು ಎಲ್ಲಿ ಏನು ಕಟ್ಟಬಹುದು, ಎಲ್ಲಿ ಹೂಳೆತ್ತಬಹುದು, ಎತ್ತಿದ್ದನ್ನು ಎಲ್ಲಿ ಸುರಿಯಬಹುದು ಎಂದು ಅಭಿಪ್ರಾಯ ಬರೆದು ಮೇಲಕ್ಕೆ ಕಳಿಸುವುದು ನಮ್ಮ ಶಾಖೆಯ ಕೆಲಸ. ಶಾಖೆಗೆ ಸಿಕ್ಕಿದ್ದು ಆ ಮನೆಯ ಅಡುಗೆಮನೆ. ಅಲ್ಲಿನ ನಲ್ಲಿಯಲ್ಲಿ ವಾರಕ್ಕೆ ಎರಡು ದಿನ ನೀರು ಬಂದರೆ ಅದೇ ಹೆಚ್ಚು. ಒಣಗಿದ ಆ ನಲ್ಲಿಯ ಪಕ್ಕ ಮೇಜು ಹಾಕಿಕೊಂಡು ನಾವು ಅರಬ್ಬಿ ಸಮುದ್ರವನ್ನು ಹದ್ದುಬಸ್ತಿನಲ್ಲಿಡುತ್ತಿದ್ದೆವು. ನಾನು ಯಲಹಂಕದವನು, ಸಮುದ್ರ ಕಂಡವನಲ್ಲ. ಸೂಪರಿಂಟೆಂಡೆಂಟ್ ಬಸವಂತಪ್ಪನವರು ಗದಗಿನ ಕಡೆಯವರು, ಅವರೂ ಕಂಡವರಲ್ಲ. ಉಬ್ಬರದ ಗೆರೆಯಿಂದ ಇಂತಿಷ್ಟು ದೂರ ಏನನ್ನೂ ಕಟ್ಟಬಾರದೆಂದು ದೆಹಲಿಯಿಂದ ಪತ್ರ ಬಂದ ದಿನ ಅವರು ನಕ್ಷೆಯನ್ನು ಎರಡು ಸಲ ತಿರುಗಿಸಿ ನೋಡಿ, “ಎಲ್ಲಾ ಖರೇ ತಮ್ಮಾ, ಇದಕ್ಕ ಕೋಡಿ ಎಲ್ಲಿ ಇಟ್ಟಾರ?” ಎಂದರು. ಕೆರೆ ತುಂಬಿದರೆ ಹೆಚ್ಚಿನ ನೀರು ಹರಿದುಹೋಗಲು ಕೋಡಿ ಇರುತ್ತದೆ, ಸಮುದ್ರಕ್ಕೂ ಇರಲೇಬೇಕು ಎಂದು ಅವರ ತರ್ಕ. ನಗಬೇಡಿ. ನಾನೂ ನಕ್ಷೆಯಲ್ಲಿ ಹುಡುಕಿದೆ.

ಸಮುದ್ರ ಗೊತ್ತಿದ್ದವರು ನಾಗವೇಣಿ ಒಬ್ಬರೇ. ಹೊನ್ನಾವರದ ಕಡೆಯವರು. ಮತ್ತಿಕೆರೆಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರು. ಊರ ಕಡೆ ವರ್ಗ ಕೊಡಿ ಎಂದು ಹಾಕಿದ್ದ ಮೂರು ಅರ್ಜಿಗಳಿಗೂ ಉತ್ತರವಿರಲಿಲ್ಲ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚುವ ಮೊದಲು ಸುಮ್ಮನೆ ಕಿಟಕಿಯತ್ತ ಕಿವಿಗೊಟ್ಟು ಕೂರುವುದು ಅವರ ಅಭ್ಯಾಸ.

“ಏನ್ರೀ ಕೇಳಿಸ್ಕೊತಾ ಇದೀರ?” ಎಂದು ಒಮ್ಮೆ ಕೇಳಿದೆ.

“ಎಂತದೂ ಇಲ್ಲ ಮಾರಾಯ್ರೇ, ಅದೇ ತ್ರಾಸು. ಊರಲ್ಲಿ ಮನೆ ಹಿಂದೆ ಯಾವಾಗ್ಲೂ ಕಡಲಿನ ಒಂದು ಸದ್ದು ಇರ್ತದೆ. ಇಲ್ಲಿ ಖಾಲಿ.”

ಬಳ್ಳಾರಿ ರಸ್ತೆಯ ಲಾರಿಗಳ ಸದ್ದನ್ನು ಸದ್ದೆಂದು ಯಾಕೆ ಪರಿಗಣಿಸಬಾರದು ಎಂದು ನಾನು ವಾದ ಹೂಡಿದೆ. ಅವರು ಡಬ್ಬಿ ಬಿಚ್ಚಿದರು.

ಆಗ ಬಂದದ್ದು ಆ ಫೈಲು. ಅವರ ಊರ ಹತ್ತಿರದ ಅಳಿವೆ ತುಂಬಿಹೋಗಿ ದೋಣಿಗಳು ಸಿಕ್ಕಿಕೊಳ್ಳುತ್ತಿದ್ದವು, ಹೂಳೆತ್ತಬೇಕಿತ್ತು. ಎತ್ತಿದ್ದನ್ನು ದಡದಿಂದ ದೂರ ಆಳ ನೀರಿಗೆ ಸುರಿಯಬಹುದು ಎಂದು ಎಂಜಿನಿಯರರು ಬರೆದಿದ್ದರು. ಕರಡು ಬರೆಯುವವನು ನಾನು; ಅದನ್ನು ನಾಲ್ಕನೆಯ ಪ್ಯಾರಾದಲ್ಲಿ ಹೇಳಿ ಮುಗಿಸುವಷ್ಟರಲ್ಲಿ ನನ್ನೊಳಗಿನ ಯಲಹಂಕದವನು ಎದ್ದು ಕೂತ. ನಮ್ಮಲ್ಲಿ ಬೇಸಿಗೆಯಲ್ಲಿ ಕೆರೆ ಬತ್ತಿತೆಂದರೆ ರೈತರು ಗಾಡಿ ಕಟ್ಟಿಕೊಂಡು ಬಂದು, ನಾ ಮುಂದು ತಾ ಮುಂದು ಎಂದು ಹೂಳು ತುಂಬಿಕೊಂಡು ಹೋಗಿ ಹೊಲಕ್ಕೆ ಹರಡುತ್ತಾರೆ. ಅಂಥ ಮಣ್ಣನ್ನು ಮತ್ತೆ ನೀರಿಗೇ ಸುರಿಯುವುದೇ? ಐದನೆಯ ಪ್ಯಾರಾದಲ್ಲಿ ಬರೆದೆ: “ಆದರೂ ಫಲವತ್ತಾದ ಈ ಹೂಳನ್ನು ವ್ಯರ್ಥಗೊಳಿಸದೆ ಈ ಕೆಳಕಂಡ ಹಳ್ಳಿಗಳ ಗದ್ದೆಗಳಿಗೆ ಲಾರಿಗಳ ಮೂಲಕ ಉಚಿತವಾಗಿ ಹಾಕಿಸತಕ್ಕದ್ದು.” ಕೆಳಗೆ ನಕ್ಷೆ ನೋಡಿ ಐದು ಹಳ್ಳಿಗಳ ಹೆಸರು. ಬಸವಂತಪ್ಪನವರು ಓದಿ ಮೇಜು ಕುಟ್ಟಿದರು. “ಭಲೇ ತಮ್ಮಾ! ಹೂಳಂದ್ರ ಬಂಗಾರ. ನಮ್ಮೂರಾಗ ಇದಕ್ಕ ಹೊಡದಾಡ್ತಾರ!”

ಕರಡು ಟೈಪಿಗೆ ಹೋದ ಹತ್ತು ನಿಮಿಷಕ್ಕೆ ನಾಗವೇಣಿ ಅದನ್ನು ಹಿಡಿದುಕೊಂಡು ನನ್ನ ಮೇಜಿಗೆ ಬಂದರು.

“ಇದು ಕೆರೆ ಹೂಳಲ್ಲ ಮಾರಾಯ್ರೇ, ಉಪ್ಪು ಕೆಸರು. ಈ ಮೂರನೇ ಹಳ್ಳಿ ನಮ್ದು. ಉಪ್ಪುನೀರು ಒಳಗೆ ಬರಬಾರ್ದು ಅಂತ ವರ್ಷಾ ವರ್ಷಾ ಒಡ್ಡು ಕಟ್ತೇವೆ ನಾವು. ನೀವು ಲಾರಿ ಮೇಲೆ ತಂದು ಹಾಕ್ತೇನೆ ಅಂತೀರಿ. ನಮ್ಮಮ್ಮನಿಗೆ ಇರೋದು ಅದೊಂದೇ ಗದ್ದೆ.”

“ತೆಂಗಿನ ಬುಡಕ್ಕೆ ಉಪ್ಪು ಹಾಕಲ್ವೇನ್ರಿ?”

“ಹಾಕ್ತೇವೆ. ಒಂದು ಹಿಡಿ.”

“ಅಂದ್ರೆ ತತ್ವ ಒಪ್ಪಿದ್ರಿ. ತಕರಾರು ಪ್ರಮಾಣದ್ದು ಮಾತ್ರ! ಮಳೆ ಬಂದ್ರೆ ಉಪ್ಪು ತೊಳೆದು ಹೋಗುತ್ತೆ ಬಿಡ್ರಿ.”

“ಅಲ್ಲಿವರೆಗೆ ಉಣ್ಣೋದು ಎಂತ?”

ಉತ್ತರವಿಲ್ಲದಾಗ ಎದುರಾಳಿಯ ಅರ್ಹತೆಯನ್ನೇ ಪ್ರಶ್ನಿಸಬೇಕೆಂಬುದು ಚರ್ಚಾಸ್ಪರ್ಧೆಯ ಮೊದಲ ಪಾಠ. “ನೋಡ್ರಿ, ನಿಮ್ಮ ಮನೆ ಗದ್ದೆ ವಿಷಯ ಇದು. ಇದ್ರಲ್ಲಿ ನಿಮ್ಮ ಸಾಕ್ಷಿ ನಡೆಯಲ್ಲ” ಎಂದೆ.

ಅವರು ಕರಡನ್ನು ನೀಟಾಗಿ ಮಡಿಸಿಕೊಂಡರು. “ಆಯ್ತು. ನೀವೇ ಗೆದ್ರಿ” ಎಂದು ಹೋಗಿ ಟೈಪ್‌ರೈಟರಿನ ಮುಂದೆ ಕೂತರು. ಗೆದ್ದ ಸಂತೋಷಕ್ಕೆ ಎರಡು ಕಾಫಿ ತರಿಸಿದೆ. ಅವರ ಲೋಟದಲ್ಲಿ ಕೆನೆ ಕಟ್ಟಿತು.

ಈಗ ನಮ್ಮ ಕಚೇರಿಯ ಒಂದು ಪದ್ಧತಿ ಹೇಳಬೇಕು. ಟೈಪಾದ ಕಾಗದವನ್ನು ಸಹಿಗೆ ಕಳಿಸುವ ಮುಂಚೆ ಇಬ್ಬರು ಕೂತು ತಾಳೆ ನೋಡಬೇಕು. ಒಬ್ಬರು ಕರಡನ್ನು ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಟೈಪಾದ ಹಾಳೆಯ ಮೇಲೆ ಕಣ್ಣಿಟ್ಟು ಸಾಲುಸಾಲಿಗೂ ಟಿಕ್ ಹಾಕುವುದು. ಅವತ್ತು ಓದಿದವರು ನಾಗವೇಣಿ, ಟಿಕ್ ಹಾಕಿದವನು ನಾನು. ಐದನೆಯ ಪ್ಯಾರಾವನ್ನು ಅವರು ಒಂದಕ್ಷರವೂ ಬಿಡದೆ, ಮಾಮೂಲಿಗಿಂತ ನಿಧಾನವಾಗಿ, ಒಂದೊಂದು ಹಳ್ಳಿಯ ಹೆಸರಿಗೂ ನಿಂತು ನಿಂತು ಓದಿದರು. ಮೂರನೆಯ ಹೆಸರು ಹೇಳುವಾಗ ದನಿ ಎಷ್ಟು ಮೆತ್ತಗಾಯಿತೆಂದರೆ, ಆ ಊರಿನಲ್ಲಿ ನಾನೇ ಹುಟ್ಟಿ ಬೆಳೆದಿದ್ದೆನೇನೋ ಅನ್ನಿಸಿತು. ನನ್ನ ಕೈಯಲ್ಲಿದ್ದ ಹಾಳೆಯಲ್ಲಾದರೋ ನಾಲ್ಕನೆಯ ಪ್ಯಾರಾ ಮುಗಿದೊಡನೆ ‘ತಮ್ಮ ವಿಶ್ವಾಸಿ’ ಎಂದಿತ್ತು. ನಾನು ಅದರ ಮೇಲೆ ಟಿಕ್ ಹಾಕಿದೆ. ‘ತಾಳೆ ನೋಡಲಾಗಿದೆ’ ಎಂದು ಬರೆದು ಸಹಿಯನ್ನೂ ಮಾಡಿದೆ. ಕಣ್ಣು ಹಾಳೆಯ ಮೇಲೆ ಇರಲಿಲ್ಲ ಎಂಬಷ್ಟನ್ನು ಒಪ್ಪಿಕೊಳ್ಳುತ್ತೇನೆ. ಎಲ್ಲಿತ್ತು ಎಂದು ಕೇಳುವಷ್ಟು ದಡ್ಡರು ನೀವಲ್ಲ.

ಎರಡು ತಿಂಗಳ ಮೇಲೆ ಆದೇಶ ಬಂತು: ಹೂಳು ಆಳ ಸಮುದ್ರಕ್ಕೆ. ಬಸವಂತಪ್ಪನವರು ನಾವು ಕಳಿಸಿದ್ದ ಪತ್ರದ ಕಚೇರಿ ಪ್ರತಿ ತೆಗೆದು ನೋಡಿ, “ನನ್ನ ಬಂಗಾರ ಎಲ್ಲಿ ಹೋತು? ಯಾರ ತಪ್ಪಿದು?” ಎಂದು ಗುಡುಗಿದರು.

“ನನ್ದೇ ಸಾರ್. ಕಣ್ತಪ್ಪು” ಎಂದರು ನಾಗವೇಣಿ.

ನನ್ನ ಸಹಿ ಆ ಹಾಳೆಯ ಮೂಲೆಯಲ್ಲೇ ಇತ್ತು. ಏಳು ಶೀಲ್ಡು ಗೆದ್ದ ಬಾಯಿ ತೆರೆಯಲಿಲ್ಲ.

“ಸಮುದ್ರದ ದಂಡಿಗೇ ಒಗಸ್ತೀನಿ ನಿಮ್ಮನ್ನ!” ಎಂದರು ಬಸವಂತಪ್ಪನವರು. ಮೇಲಕ್ಕೆ ಬರೆದು ಹಾಗೇ ಮಾಡಿಸಿದರು. ಹೊನ್ನಾವರದ ಹತ್ತಿರದ ಒಂದು ಸಣ್ಣ ಕಚೇರಿಗೆ ವರ್ಗ. ಮೂರು ಅರ್ಜಿಗೆ ಸಿಗದ ಊರು ಒಂದು ತಪ್ಪಿಗೆ ಸಿಕ್ಕಿತು. ಬೀಳ್ಕೊಡುಗೆಯ ದಿನ, ಅಯ್ಯೋ ಪಾಪ ಎಲ್ಲಿಗೋ ಎಸೆದುಬಿಟ್ಟರು ಎಂದು ಎಲ್ಲರ ಮುಖವೂ ಸಣ್ಣಗಾಗಿತ್ತು. ಅವರೊಬ್ಬರೇ ಎರಡನೆಯ ಸಲ ಬಜ್ಜಿ ಕೇಳಿ ಹಾಕಿಸಿಕೊಂಡರು.

ಆ ಭಾನುವಾರ ಯಲಹಂಕದಲ್ಲಿ, ವರ್ಷವೂ ಕೆರೆಯಿಂದ ಹೂಳು ಹೊಡೆಯುವ ನಮ್ಮ ಚಿಕ್ಕಪ್ಪನನ್ನು ಸುಮ್ಮನೆ ಎಂಬಂತೆ ಕೇಳಿದೆ. “ಸಮುದ್ರದ ಮಣ್ಣಾ? ಒಲಕ್ಕಾ? ಉಪ್ಪು ಮಣ್ಣಾಕಿದ್ರೆ ಉಲ್ಲೂ ಉಟ್ಟಾಕಿಲ್ಲ ಕಣ್ಲಾ! ಇದ್ನ ಕಲಿಯಕ್ಕೆ ಕಾಲೇಜ್ಗೋಗಿದ್ದಾ?” ಎಂದ.

ಈಗಿನ ಟೈಪಿಸ್ಟರು ಕರಡನ್ನು ಎಕ್ಸ್‌ಪ್ರೆಸ್ ರೈಲಿನಂತೆ ಓದುತ್ತಾರೆ. ನಾನು ಅಲ್ಪವಿರಾಮದ ತಪ್ಪನ್ನೂ ಬಿಡದೆ ಹಿಡಿಯುತ್ತೇನೆ. ತಾಳೆ ನೋಡುವುದರಲ್ಲಿ ಇಡೀ ಕಚೇರಿಯಲ್ಲಿ ನನ್ನಷ್ಟು ಚುರುಕಿನವನಿಲ್ಲ ಎಂದು ಬಸವಂತಪ್ಪನವರೇ ಹೊಗಳುತ್ತಾರೆ. ಹೊಗಳಿದಾಗಲೆಲ್ಲ ಎದುರಿನ ಕುರ್ಚಿ ಇನ್ನಷ್ಟು ಖಾಲಿಯಾದಂತೆ ಕಾಣುತ್ತದೆ. ನಾಗವೇಣಿಯವರಿಗೆ ಒಂದು ಇನ್‌ಲ್ಯಾಂಡ್ ಪತ್ರ ಬರೆಯಲು ಕೂತೆ. ಮೊದಲನೆಯದಾಗಿ, ಎರಡನೆಯದಾಗಿ ಎಂದು ಶುರುವಾಯಿತು, ಹೊಡೆದುಹಾಕಿದೆ. ಕ್ಷಮೆ ಕೇಳುವ ವಾಕ್ಯ ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಪ್ರತಿವಾದವಾಗಿ ತಿರುಗಿತ್ತು, ಅದನ್ನೂ ಹೊಡೆದುಹಾಕಿದೆ. ಕಡೆಗೆ ಹೊಸ ಕಾಗದ ತಂದು ಒಂದೇ ಪ್ರಶ್ನೆ ಬರೆದು ಅಂಚೆ ಡಬ್ಬಕ್ಕೆ ಹಾಕಿ ಮೂರು ತಿಂಗಳಾಯಿತು: ನಾಗವೇಣಿಯವರೇ, ಐದನೆಯ ಪ್ಯಾರಾವನ್ನು ಅಷ್ಟು ನಿಧಾನವಾಗಿ ಓದಿದಿರಲ್ಲ, ನಾನು ತಪ್ಪು ಹಿಡಿಯಲಿ ಎಂದು ಕಾಯುತ್ತಿದ್ದಿರೋ, ಇಲ್ಲಾ ನಾನು ಎಲ್ಲಿ ನೋಡುತ್ತಿದ್ದೇನೆ ಎಂಬುದು ನಿಮಗೆ ಮೊದಲೇ ಗೊತ್ತಿತ್ತೋ?