ಉಗಿಸಿಕೊಳ್ಳುವ ಕೆಲಸ

"ಉಗುಳು ಅನ್ನೋದು ದೊಡ್ಡ ಚಾಡಿಕೋರ ಕಣಮ್ಮ. ಯಾರ ಕಡೆಯಿಂದ ಬಂತು ಅಂತ ನೇರ ಹೇಳಿಬಿಡುತ್ತೆ. ಹುಷಾರು!"

ಮಹಡಿ ಮನೆಯ ಮೇಷ್ಟ್ರು ಟೇಲರನ ತಾಯಿಗೆ ಹೀಗೆ ಬುದ್ಧಿ ಹೇಳುತ್ತಿದ್ದಾಗಲೇ ನಮ್ಮ ಸಂಶೋಧಕ ಚಪ್ಪಲಿ ಬಿಟ್ಟು ಒಳಗೆ ಬಂದ.

ಅವನ ಕೆಲಸವೇ ಅಂಥದ್ದು. ಆಟಿಸಂ ಇರುವ ಮಗುವಿನ ವಂಶವಾಹಿಗಳನ್ನು ಅಪ್ಪ ಅಮ್ಮನವುಗಳ ಪಕ್ಕ ಇಟ್ಟು ನೋಡಬೇಕು. ಅದಕ್ಕೆ ಮೂವರ ಉಗುಳೂ ಬೇಕು. ಟ್ಯೂಬಿಗೆ ಉಗಿಯಿರಿ ಎಂದರೆ ಜನ ಟ್ಯೂಬು ಬಿಟ್ಟು ಅವನಿಗೇ ಉಗಿಯುತ್ತಿದ್ದರು. "ಈ ಕೊನೆಯ ಕುಟುಂಬ ಸಿಗದಿದ್ರೆ ನಿಮ್ಮ ನೌಕರಿಯೂ ಕೊನೆ" ಎಂದು ಲ್ಯಾಬಿನ ಮೇಡಂ ಬೆಳಿಗ್ಗೆಯೇ ಉಗಿದು ಕಳಿಸಿದ್ದರು. ಟೇಲರನ ವಿಶ್ವಾಸ ಗಳಿಸಲೆಂದು ಅವನು ಸರಿಯಾಗಿಯೇ ಇದ್ದ ಪ್ಯಾಂಟನ್ನು ಸರಿಮಾಡಲು ಕೊಟ್ಟಿದ್ದ.

"ಅಜ್ಜಿ, ಯಾರ ಮೇಲೂ ತಪ್ಪು ಹೊರಿಸೋಕಲ್ಲ ಇದು. ಎಷ್ಟೋ ಸಲ ಅಪ್ಪ ಅಮ್ಮ ಇಬ್ಬರಲ್ಲೂ ಇಲ್ಲದ ಬದಲಾವಣೆ ಮಗುವಿನಲ್ಲಿ ಕಾಣುತ್ತೆ."

"ಬದಲಾವಣೆನಾ?" ಅಜ್ಜಿ ಎದೆ ಹಿಡಿದುಕೊಂಡರು. "ಅಯ್ಯೋ, ಆಸ್ಪತ್ರೇಲಿ ಮಗು ಬದಲಾಗಿತ್ತಾ?"

"ನಾನು ಹೇಳ್ಲಿಲ್ವಾ?" ಎಂದರು ಮೇಷ್ಟ್ರು. ಅವರು ಹೇಳಿರಲಿಲ್ಲ.

ಇಷ್ಟರಲ್ಲಿ ಟೇಲರನ ಎಂಟು ವರ್ಷದ ಮಗಳು ಪುಟ್ಟಿ, ಸಾಲಾಗಿ ಜೋಡಿಸುತ್ತಿದ್ದ ಅಂಗಿ ಗುಂಡಿಗಳನ್ನು ಬಿಟ್ಟೆದ್ದು ಬಂದು, ಒಂದು ಟ್ಯೂಬು ತೆಗೆದುಕೊಂಡು, ಗೆರೆ ಮುಟ್ಟುವಷ್ಟು ಉಗಿದು, ಟಕ್ ಎಂದು ಮುಚ್ಚಳ ಒತ್ತಿ ಹೋದಳು. ಆ ಮನೆಯಲ್ಲಿ ಅನುಮಾನ ಮುಟ್ಟದಿದ್ದವಳು ಅವಳೊಬ್ಬಳೇ.

ಟೇಲರ್ ಸಂಶೋಧಕನನ್ನು ಹೊಲಿಗೆ ಯಂತ್ರದ ಹಿಂದಕ್ಕೆ ಕರೆದ. "ಹೇಗೆ ಉಗೀಬೇಕು ಅಂತ ಒಂದ್ಸಲ ತೋರಿಸ್ಕೊಡಿ ಸಾರ್." ಇವನು ಖುಷಿಯಿಂದ ಒಂದು ಟ್ಯೂಬಿನಲ್ಲಿ ಉಗಿದು ತೋರಿಸಿದ. "ಇದನ್ನ ನಾನೇ ಕಸಕ್ಕೆ ಹಾಕ್ತೀನಿ. ನಿಮ್ಮೆದುರು ನಾಚಿಕೆ, ಒಳಗೆ ಹೋಗಿ ಉಗೀತೀನಿ" ಎಂದು ಟೇಲರ್ ಎರಡು ಟ್ಯೂಬು ಹಿಡಿದು ಹೋಗಿ, ಒಂದು ತಂದುಕೊಟ್ಟ. ಇವನು ಅದಕ್ಕೆ 'ಅಪ್ಪ' ಎಂದು ಚೀಟಿ ಅಂಟಿಸಿದ.

ಅಡುಗೆಮನೆಯಲ್ಲಿ ಟೇಲರನ ಹೆಂಡತಿ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೇಳಿದಳು: "ಅಣ್ಣಾ, ಸ್ವಲ್ಪ ತೋರಿಸ್ತೀರಾ?" ತೋರಿಸಿದ. ಅವಳಿಗೂ ನಾಚಿಕೆಯಾಯಿತು, ಅವಳೂ ಎರಡು ಟ್ಯೂಬು ಹಿಡಿದು ಒಳಗೆ ಹೋಗಿ ಒಂದು ತಂದಳು. ಇವನು 'ಅಮ್ಮ' ಎಂದು ಅಂಟಿಸಿ, ಬಾಯಿ ಒಣಗಿ ಬಟ್ಟೆಯಂತಾಗಿದ್ದರೂ ಹಿಗ್ಗುತ್ತಾ ಲ್ಯಾಬಿಗೆ ಓಡಿದ.

ಸಂಜೆ ಪ್ಯಾಂಟು ತರಲು ಹೋದಾಗ ಫೋನು ಬಂತು. ಅವನ ಫೋನು ಕಿವಿಗಿಟ್ಟರೆ ಕೇಳಿಸದಷ್ಟು ಕೆಟ್ಟಿದ್ದರಿಂದ ಸ್ಪೀಕರಿನಲ್ಲೇ ಮಾತು.

"ಏನ್ರೀ ಇದು?" ಮೇಡಂ ಗುಡುಗಿದರು. "ಲ್ಯಾಬಿನವರ ಉಗುಳು ಬೆರೆತಿದೆಯಾ ಅಂತ ಮೊದಲು ನೋಡ್ತೀವಲ್ಲ, ಈ ಮಗುವಿನ ಅಪ್ಪ ಅಂತ ಬರೆದಿರೋ ಟ್ಯೂಬಲ್ಲಿ ನೀವೇ ಇದ್ದೀರಲ್ರೀ!"

ಟೇಲರನ ಕತ್ತರಿ ಅರ್ಧಕ್ಕೆ ನಿಂತಿತು. ಮೇಷ್ಟ್ರು ಮಹಡಿಯ ಮೆಟ್ಟಿಲು ಒಂದು ಬಿಟ್ಟು ಒಂದು ಇಳಿದು ಬಂದರು.

"ಅಪ್ಪ ಇವನಾ!" ಅಜ್ಜಿ ಸೊಸೆಯತ್ತ ತಿರುಗಿದರು.

"ಅಮ್ಮನ ಟ್ಯೂಬಲ್ಲೂ ನೀವೇ!" ಎಂದರು ಮೇಡಂ.

ಅಜ್ಜಿ ಉಸಿರು ಬಿಟ್ಟರು. "ಹೆತ್ತವನೂ ಇವನೇ ಅಂದ್ರೆ, ಆ ಯಂತ್ರಕ್ಕೇ ತಲೆ ಕೆಟ್ಟಿದೆ ಬಿಡಿ."

ಗಂಡ ಹೆಂಡತಿಯನ್ನು ನೋಡಿದ. ಹೆಂಡತಿ ಗಂಡನನ್ನು ನೋಡಿದಳು. "ನೀನೂನಾ?" "ನೀವೂನಾ?" ಆಮೇಲೆ ಇಬ್ಬರೂ ಗೋಡೆ ನೋಡಿದರು.

"ಕಳ್ಳ ಲೆಕ್ಕ ತೋರಿಸ್ತೀರಾ? ನಾಳೆ ಬೆಳಿಗ್ಗೆಯೊಳಗೆ ನಿಜವಾದ ಉಗುಳು ತರದಿದ್ರೆ ಬರಲೇಬೇಡಿ." ಫೋನು ಕಟ್ಟಾಯಿತು.

ಸಂಶೋಧಕ ಕೈಮುಗಿದ. "ನನ್ನ ಅನ್ನ ಹೋಗುತ್ತೆ. ದಯವಿಟ್ಟು ಇನ್ನೊಂದ್ಸಲ ಉಗೀರಿ."

ಟೇಲರ್ ತಲೆ ಕೆರೆದುಕೊಂಡ. "ಅದಕ್ಕೇನು ಸಾರ್, ಉಗಿಯೋಣ. ಆದ್ರೆ ಹೇಗೆ ಅಂತ ಮರೆತೇಹೋಯ್ತು. ಒಂದ್ಸಲ ತೋರಿಸ್ಕೊಡಿ."

ಪುಟ್ಟಿ ಎದ್ದು ಬಂದು ಸಂಶೋಧಕನ ಚೀಲದಲ್ಲಿದ್ದ ಖಾಲಿ ಟ್ಯೂಬುಗಳನ್ನೆಲ್ಲ ತೆಗೆದು, ಅವನ ಮುಂದೆ ಒಂದರ ಪಕ್ಕ ಒಂದು ಸಾಲಾಗಿ ಜೋಡಿಸತೊಡಗಿದಳು.