ಕಂಪನಿ ಪೇಪರ್, ಅಂಗಡಿ ಪೇಪರ್ ಮತ್ತು ಒಂದು ಕರಿ ಬೆಕ್ಕು

ನಾನು ಅನುಮಾನದ ಪ್ರಾಣಿ ಅಂತ ನನ್ನ ಹೆಂಡತಿ ಊರೆಲ್ಲ ಹೇಳ್ಕೊಂಡು ಬರ್ತಾಳೆ. ಸುಳ್ಳು. ನಾನು ನನ್ನ ಪಾಡಿಗೆ ಇರ್ತೀನಿ. ಅನುಮಾನ ಪಡುವಂಥ ವಿಷಯಗಳೇ ವಿಳಾಸ ಹುಡುಕ್ಕೊಂಡು ಗಾಂಧಿ ಬಜಾರಿನ ಹಿಂದಿರುವ ನಮ್ಮ ಮನೆಗೆ ಬರ್ತವೆ. ವಾರಕ್ಕೊಂದಾದರೂ ಬಂದೇ ಬರುತ್ತೆ. ಬರದೇ ಹೋದರೆ ಯಾಕೆ ಬರಲಿಲ್ಲ ಅಂತ ಅನುಮಾನವಾಗುತ್ತೆ, ಆ ಮಾತು ಬೇರೆ.

ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಫಿಸಿಕ್ಸ್ ಮೇಷ್ಟ್ರಾಗಿದ್ದೆ. ಪಾಠ ಹೇಗೆ ಮಾಡ್ತಿದ್ದೆನೋ ಗೊತ್ತಿಲ್ಲ, ಪರೀಕ್ಷೆ ಹಾಲಿನಲ್ಲಿ ಕಾಪಿ ಹಿಡಿಯೋದರಲ್ಲಿ ಮಾತ್ರ ನನ್ನನ್ನು ಮೀರಿಸಿದವರಿರಲಿಲ್ಲ. ಒಬ್ಬ ಭೂಪ ಉತ್ತರಪತ್ರಿಕೆಯ ಮೂಲೆಯನ್ನು ಎಳ್ಳುಕಾಳಿನಷ್ಟು ಕತ್ತರಿಸಿದ್ದ, ತಿದ್ದುವವರಿಗೆ ಗುರುತು ಸಿಗಲಿ ಅಂತ. ಅದನ್ನೂ ಹಿಡಿದೆ! ಆ ಕಥೆಯನ್ನು ಹೆಂಡತಿಗೆ ನೂರು ಸಲ ಹೇಳಿದೀನಿ. ಹೇಳಬಾರದಿತ್ತು.

ಈಗ ರಿಟೈರಾಗಿದೀನಿ. ಎಲ್ಲರೂ ಫೋನಿನಲ್ಲಿ ಟಪಟಪ ಅಂತ ಫೋಟೋ ಹೊಡೆಯೋ ಈ ಕಾಲದಲ್ಲಿ ನಾನು ಹಳೇ ಕ್ಯಾಮೆರಾಗೆ ರೀಲು ಹಾಕಿ ಕಪ್ಪು-ಬಿಳುಪು ಫೋಟೋ ತೆಗೆದು ಮನೆಯಲ್ಲೇ ಪ್ರಿಂಟ್ ಹಾಕ್ತೀನಿ. ಮನೆಯಲ್ಲಿ ಅಂದರೆ ಹಿಂದಿನ ಬಚ್ಚಲಲ್ಲಿ. ಕಿಟಕಿಗೆ ಕರಿ ಬಟ್ಟೆ, ಮೇಲೆ ಕೆಂಪು ಬಲ್ಬು, ಕೆಳಗೆ ಔಷಧಿ ನೀರು ತುಂಬಿದ ಮೂರು ಟ್ರೇ. ಬೆಳ್ಳನೆ ಹಾಳೆ ಆ ನೀರಿನಲ್ಲಿ ಮುಳುಗಿ, ಮೆಲ್ಲಗೆ ಒಂದು ಮುಖ ಮೂಡುತ್ತಲ್ಲ, ಈಗಲೂ ಮೈ ಜುಮ್ ಅನ್ನುತ್ತೆ. ಈ ವಯಸ್ಸಿನಲ್ಲಿ ನನ್ನದು ಅಂತ ಉಳಿದಿರೋದು ಆ ಬಚ್ಚಲೊಂದೇ. ಆದರೆ ಮನೆಯಲ್ಲಿ ನಾವು ನಾಲ್ಕು ಜನ. ಮಗ, ಸೊಸೆ ಇಬ್ಬರೂ ಬೆಳಗ್ಗೆ ಮೆಟ್ರೋ ಹಿಡಿಯಬೇಕು. ಉಳಿದಿರೋ ಇನ್ನೊಂದು ಬಚ್ಚಲ ಮುಂದೆ ದಿನಾ ದೇವಸ್ಥಾನದ ಪ್ರಸಾದದ ಸಾಲು.

ಒಂದು ಬೆರಳು

ಪ್ರಿಂಟ್ ಹಾಕೋ ಪೇಪರಿನಲ್ಲಿ ಎರಡು ಥರ. ಒಂದು ಫಾರಿನ್ ಕಂಪನಿಯದು, ಹೆಸರುವಾಸಿ. ಇನ್ನೊಂದು ಚಾಮರಾಜಪೇಟೆಯ ನನ್ನ ಅಂಗಡಿಯವನು ಎಲ್ಲಿಂದಲೋ ತರಿಸಿ ತನ್ನದೇ ಚೀಟಿ ಅಂಟಿಸಿ ಮಾರೋದು, ಅರ್ಧ ಬೆಲೆ. ಎರಡಕ್ಕೂ ಒಂದೇ ಗುಣ: ಬೆಳಕು ಬಿತ್ತೋ, ಹಾಳಾಯ್ತು. ಕೆಂಪು ಬಲ್ಬಿನಲ್ಲಿ ಮಾತ್ರ ತೆರೆಯಬೇಕು.

ಯೋಚನೆ ಮಾಡಿ. ತೆಂಗಿನಕಾಯಿಯನ್ನು ಅಲ್ಲಾಡಿಸಿ ನೋಡ್ತೀವಿ. ಬದನೆಕಾಯಿಯನ್ನು ತಿರುಗಿಸಿ ಹುಳುಕು ಹುಡುಕ್ತೀವಿ. ಕಾಫಿಪುಡಿ ಮೂಸಿ ಚಿಕೋರಿ ಎಷ್ಟು ಅಂತ ಹೇಳ್ತೀವಿ. ಇದೊಂದು ಪದಾರ್ಥವನ್ನು ಮಾತ್ರ ನೋಡದೇ ಕೊಳ್ಳಬೇಕಂತೆ! ಮೋಸಕ್ಕೆ ಇದಕ್ಕಿಂತ ಒಳ್ಳೇ ಸರಕು ಯಾವುದಿದೆ?

ಮೊದಲ ಸಲ ಅಂಗಡಿ ಪೇಪರ್ ಕೊಳ್ಳುವಾಗ ಕೇಳಿದೆ, “ಒಳಗೆ ಇಪ್ಪತ್ತೈದು ಹಾಳೆ ಇದೆ ಅಂತ ಏನ್ರೀ ಗ್ಯಾರಂಟಿ?”

“ತೆರೆದ್ರೆ ಹಾಳಾಗುತ್ತೆ ಸಾರ್.”

“ನೀವು ತೆರೆದು ನೋಡಿದೀರಾ?”

“ಇಲ್ಲ ಸಾರ್. ನಾನೂ ನಂಬಿಕೆ ಮೇಲೇ ಮಾರ್ತಿದೀನಿ.”

ಅವನು ಬೇರೆ ಗಿರಾಕಿ ಕಡೆ ತಿರುಗಿದಾಗ ಪ್ಯಾಕೆಟ್ಟಿನ ಬಾಯನ್ನು ಸ್ವಲ್ಪವೇ ಸ್ವಲ್ಪ ಬಿಚ್ಚಿ, ತೋರುಬೆರಳು ತೂರಿಸಿ ಹಾಳೆ ಎಣಿಸಿದೆ. ಸರಿಯಾಗಿತ್ತು. ಮನೆಗೆ ಬಂದು ಪ್ರಿಂಟ್ ಹಾಕಿದರೆ ಹಾಳೆಗಳ ಅಂಚಿಗೆಲ್ಲ ಕಪ್ಪು ಪಟ್ಟೆ! ರಕ್ತ ಕುದಿಯಿತು. ಮಾರನೇ ದಿನವೇ ಹೋಗಿ ಕೌಂಟರಿನ ಮೇಲೆ ಕುಕ್ಕಿದೆ.

“ನೋಡ್ರೀ ನಿಮ್ಮ ಮಾಲು! ಅಂಚೆಲ್ಲ ಕಪ್ಪು!”

ಅವನು ಪಟ್ಟೆಯನ್ನು ನೋಡಿದ. ನನ್ನನ್ನು ನೋಡಿದ. ನನ್ನ ಬಲಗೈ ಹಿಡಿದು ತೋರುಬೆರಳನ್ನು ಪಟ್ಟೆಯ ಮೇಲೆ ಇಟ್ಟ. ಹೇಳಿ ಹೊಲಿಸಿದ ಹಾಗೆ ಕೂತಿತು.

ಎಂಥಾ ಕಳ್ಳ!

ಅಂದಿನಿಂದ ಎರಡೂ ಥರದ ಪೇಪರನ್ನು ಪಕ್ಕಪಕ್ಕ ಇಟ್ಟು ಪರೀಕ್ಷೆ ಶುರು ಮಾಡಿದೆ. ಅಂಗಡಿ ಪೇಪರಿನಲ್ಲಿ ಕಪ್ಪು ದಟ್ಟವಾಗಿ, ಬಿಳುಪು ಶುಭ್ರವಾಗಿ ಬರ್ತಿತ್ತು. ದುಪ್ಪಟ್ಟು ಕೊಟ್ಟ ಕಂಪನಿ ಪೇಪರಿನಲ್ಲಿ ಕಪ್ಪು ಯಾಕೋ ಬೂದಿ ಬಳಿದಂಗೆ. ಮೊದಲೇ ಹೇಳಿಬಿಡ್ತೀನಿ, ಹಳೇ ಔಷಧಿ ನೀರಿನಲ್ಲಿ ಕಂಪನಿ ಪೇಪರನ್ನೂ, ಹೊಸದರಲ್ಲಿ ಅಂಗಡಿ ಪೇಪರನ್ನೂ ಮುಳುಗಿಸಿದ್ದೆ ಅಂತ ಆಮೇಲೆ ಗೊತ್ತಾಯ್ತು. ಆಗ ಹೊಳೆದದ್ದು ಬೇರೆ.

ಹೆಂಡತಿ ಹುರುಳಿಕಾಯಿ ನಾರು ತೆಗೀತಿದ್ದಳು. ಹೋಗಿ ಹೇಳಿದೆ, “ಅವನ ಕಿತಾಪತಿ ಗೊತ್ತಾಯ್ತು ಕಣೇ. ಕಂಪನಿ ಡಬ್ಬಿಗೆ ತನ್ನ ಪೇಪರ್ ತುಂಬ್ತಾನೆ. ಕಂಪನಿ ಪೇಪರನ್ನ ತನ್ನ ಪ್ಯಾಕೆಟ್ಟಿಗೆ ತುಂಬ್ತಾನೆ.”

“ಅಂದ್ರೆ ಒಳ್ಳೇ ಮಾಲನ್ನ ಅರ್ಧ ಬೆಲೆಗೆ ಕೊಡ್ತಿದಾನೆ.”

“ಹೌದು!”

“ಎಂಥಾ ಕಳ್ಳ!” ಅಂದಳು.

ವ್ಯಂಗ್ಯ ಅರ್ಥವಾಗದಷ್ಟು ದಡ್ಡ ನಾನಲ್ಲ. ಸಿಟ್ಟು ನೆತ್ತಿಗೇರಿತು. “ಪೇಪರ್ ಬಗ್ಗೆ ನಿನಗೇನು ಗೊತ್ತು? ಅಸಲಿ ಕಂಪನಿ ಪೇಪರ್ ಯಾವುದು, ಅಂಗಡಿಯದು ಯಾವುದು, ನಾನು ಹತ್ತಡಿ ದೂರದಿಂದ ಹೇಳ್ತೀನಿ” ಅಂದೆ.

ಅವಳು ಹುರುಳಿಕಾಯಿ ಪಕ್ಕಕ್ಕಿಟ್ಟಳು. ಅದನ್ನು ನೋಡಿದಾಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

“ಹಾಗಿದ್ರೆ ಪರೀಕ್ಷೆ ಆಗಿಬಿಡ್ಲಿ. ಒಂದೇ ಫೋಟೋನ ಎರಡು ಪೇಪರಲ್ಲೂ ಹಾಕಿ ನನ್ನ ಕೈಗೆ ಕೊಡಿ. ಭಾನುವಾರ ಅಂಗಡಿಯವರನ್ನೂ ಕಾಫಿಗೆ ಕರೀರಿ. ಅವರೆದುರಿಗೇ ನಾನು ಎರಡನ್ನೂ ಇಡ್ತೀನಿ. ನೀವು ಗುರುತು ಹಿಡಿದ್ರೆ ಬಚ್ಚಲು ಸಾಯೋವರೆಗೂ ನಿಮ್ದು, ನಾನು ಬಾಯಿ ಬಿಡಲ್ಲ. ತಪ್ಪಿದ್ರೆ ಸೋಮವಾರದಿಂದ ನಾವು ಅದರಲ್ಲಿ ಸ್ನಾನ ಮಾಡ್ತೀವಿ.”

ಬೇಡ ಅನ್ನೋಕೆ ಬಾಯಿ ತೆರೆದೆ. ಆದರೆ ಸೊಸೆ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ತಿದ್ದಳು. ಮಾವನ ಮರ್ಯಾದೆ ಅಂತ ಒಂದಿರುತ್ತಲ್ಲ. “ಆಗಲಿ!” ಅಂದುಬಿಟ್ಟೆ.

ನಾಲ್ಕು ಒಣಗ್ತಿವೆ

ಪರೀಕ್ಷೆಗೆ ಒಳ್ಳೇ ಕಪ್ಪು, ಒಳ್ಳೇ ಬಿಳುಪು ಎರಡೂ ಇರೋ ಫೋಟೋ ಬೇಕಿತ್ತು. ಎದುರು ಮನೆಯಾಕೆಯ ಕರಿ ಬೆಕ್ಕು ನಮ್ಮ ಬಿಳಿ ಕಾಂಪೌಂಡ್ ಮೇಲೆ ಕೂತಿದ್ದಾಗ ತೆಗೆದದ್ದೊಂದಿತ್ತು. ಮೀಸೆ ಒಂದೊಂದೂ ಎಣಿಸಬಹುದು, ಅಷ್ಟು ಚೆನ್ನಾಗಿತ್ತು.

ಶುಕ್ರವಾರ ಮಧ್ಯಾಹ್ನವೆಲ್ಲ ಅಭ್ಯಾಸಕ್ಕೆ ಅಂತ ಅದನ್ನೇ ಪ್ರಿಂಟ್ ಹಾಕ್ತಾ ಕೂತೆ. ಕೆಲಸ ಮಾಡುವಾಗ ಒಬ್ಬನೇ ಮಾತಾಡಿಕೊಳ್ಳೋದು ನನ್ನ ಅಭ್ಯಾಸ. ಸಂಜೆ ಬಾಗಿಲು ತೆಗೆದು ಬೆವರೊರೆಸಿಕೊಳ್ತಾ ಆಚೆ ಬಂದರೆ ಎದುರು ಮನೆಯಾಕೆ ನಿಂತಿದ್ದಾರೆ. ಮುಖ ಬಿಳುಚಿಕೊಂಡಿದೆ. ನನ್ನ ಹಿಂದಿನ ಕೆಂಪು ಬೆಳಕನ್ನೇ ನೋಡ್ತಿದ್ದಾರೆ.

“ಮೇಷ್ಟ್ರೇ, ಬೆಳಗ್ಗೆಯಿಂದ ನಮ್ಮ ಬೆಕ್ಕು ಕಾಣಿಸ್ತಿಲ್ಲ. ನಿಮ್ಮ ಬಚ್ಚಲ ಕಡೆಯಿಂದ ‘ಬೆಕ್ಕನ್ನ ಇನ್ನೆರಡು ನಿಮಿಷ ಮುಳುಗಿಸಿಡಬೇಕು’ ಅಂತ ಕೇಳಿಸ್ತು...”

ನನ್ನ ಫೋಟೋ ನೋಡೋಕೆ ಒಬ್ಬರಾದರೂ ತಾವಾಗಿ ಬಂದರಲ್ಲ ಅಂತ ನನಗೆ ಎಲ್ಲಿಲ್ಲದ ಖುಷಿ. “ಬನ್ನಿ ಬನ್ನಿ! ನಾಲ್ಕು ಆಗಲೇ ತಂತಿ ಮೇಲೆ ಒಣಗ್ತಿವೆ. ಎರಡು ಸರಿಯಾಗಿ ಬರಲಿಲ್ಲ, ಹರಿದು ಬಿಸಾಕಿದೆ. ನಿಮಗೆ ಯಾವ ಸೈಜು ಬೇಕು?”

ಬೆಕ್ಕು ರಾತ್ರಿ ತಾನಾಗೇ ಮನೆಗೆ ಬಂತು. ಆಕೆ ಈಗಲೂ ನಮ್ಮ ಮನೆ ಮುಂದೆ ಹಾದುಹೋಗುವಾಗ ಅದನ್ನು ಸೆರಗಿನಲ್ಲಿ ಮುಚ್ಚಿಕೊಳ್ತಾರೆ.

ಪರೀಕ್ಷೆ

ಅಭ್ಯಾಸ ಮಾಡಿದ್ದರಿಂದ ಒಂದು ವಿಷಯ ತಿಳೀತು. ಔಷಧಿ ನೀರು ಎರಡಕ್ಕೂ ಹೊಸದೇ ಹಾಕಿದರೆ, ದೇವರಾಣೆ, ಯಾವುದು ಕಂಪನಿ, ಯಾವುದು ಅಂಗಡಿ ಅಂತ ನನಗೆ ಗೊತ್ತಾಗ್ತಿರಲಿಲ್ಲ. ಕನ್ನಡಕ ಹಾಕಿ ನೋಡಿದೆ. ತೆಗೆದು ನೋಡಿದೆ. ಊಹೂಂ.

ಶನಿವಾರ ಕೆಂಪು ಬಲ್ಬಿನ ಕೆಳಗೆ ನಿಂತು ಬಚ್ಚಲನ್ನೊಮ್ಮೆ ನೋಡಿದೆ. ನಲ್ಲಿ, ಟ್ರೇ, ಗೋಡೆಯ ಮೇಲೆ ನನ್ನ ಕೈಬರಹದಲ್ಲಿ ಔಷಧಿಯ ಅಳತೆ. ಸೋಮವಾರದಿಂದ ಇಲ್ಲಿ ಮಗನ ಶಾಂಪೂ ಬಾಟಲಿ ಇರುತ್ತೆ. ಹೇಳೋಕೆ ನಾಚಿಕೆಯಾಗುತ್ತೆ, ಆದರೂ ಹೇಳ್ತೀನಿ. ಕತ್ತರಿ ತಗೊಂಡು ಕಂಪನಿ ಪೇಪರಿನ ಮೂಲೆಯನ್ನು ಎಳ್ಳುಕಾಳಿನಷ್ಟು ಕತ್ತರಿಸಿದೆ.

ಒಣಗಿಸಿ ಎರಡನ್ನೂ ಹೆಂಡತಿ ಕೈಗೆ ಕೊಟ್ಟೆ. ಅವಳು ಸೆರಗು ಸಿಕ್ಕಿಸಿಕೊಂಡು ಎಲ್ಲೋ ಹೊರಗೆ ಹೋಗಿಬಂದಳು. ಕೊತ್ತಂಬರಿ ತರೋಕೆ ಅಂದಳು. ನಾನು ಅನುಮಾನ ಪಡಲಿಲ್ಲ ನೋಡಿ! ಜನ್ಮದಲ್ಲಿ ಒಂದು ಸಲ ಅನುಮಾನ ಪಡಲಿಲ್ಲ.

ಭಾನುವಾರ ಅಂಗಡಿಯವನು ಬಂದ. ಕಾಫಿಯಾಯಿತು. ಹೆಂಡತಿ ಟೀಪಾಯಿಯ ಮೇಲೆ ಎರಡು ಬೆಕ್ಕನ್ನು ಜೋಡಿಸಿದಳು. “ಮುಟ್ಟೋ ಹಾಗಿಲ್ಲ. ಅಲ್ಲೇ ನಿಂತು ನೋಡಿ” ಅಂದಳು.

ಎಡಗಡೆಯದರ ಮೂಲೆ ಕತ್ತರಿಸಿತ್ತು. ಅಬ್ಬ! ಜೀವ ಬಂತು. ಆದರೂ ಕೂಡಲೇ ಹೇಳಿದರೆ ಅನುಮಾನ ಬರುತ್ತಲ್ಲ, ಕೈ ಹಿಂದೆ ಕಟ್ಟಿಕೊಂಡು ಎರಡು ಸುತ್ತು ಹಾಕಿದೆ. ಹುಬ್ಬು ಗಂಟಿಕ್ಕಿದೆ. ಹೂಂ ಅಂದೆ.

“ಇದು ಕಂಪನಿ” ಅಂತ ಎಡಗಡೆಯದನ್ನು ತೋರಿಸಿದೆ. “ಕಪ್ಪು ನೋಡಿ, ಎಂಥಾ ಆಳ! ಬಾವಿ ಬಗ್ಗಿ ನೋಡಿದಂಗೆ. ಮೀಸೆ ನೋಡಿ, ಒಂದೊಂದೂ ಎಣಿಸಬಹುದು. ಈ ನಾಜೂಕು ಅಂಗಡಿ ಪೇಪರಿಗೆ ಏಳು ಜನ್ಮಕ್ಕೂ ಬರಲ್ಲ.”

ಅಂಗಡಿಯವನು ಬಗ್ಗಿ ನೋಡಿ, ಕೆಮ್ಮಿ, ಮೆಲ್ಲಗೆ ಕೇಳಿದ, “ಸಾರ್, ಮೀಸೆ ಎಲ್ಲಿದೆ?”

ಆಗ ಮೊದಲ ಸಲ ಫೋಟೋ ನೋಡಿದೆ. ಅಲ್ಲಿವರೆಗೂ ನೋಡಿದ್ದು ಮೂಲೆ ಮಾತ್ರ. ಬೆಕ್ಕಿಗೆ ಮೀಸೆಯೇ ಇರಲಿಲ್ಲ. ಹೊಟ್ಟೆಯ ಮೇಲೆ ಅಡ್ಡಡ್ಡ ಎರಡು ಬಿಳಿ ಗೆರೆ.

ಹೆಂಡತಿ ಅದನ್ನು ತಿರುಗಿಸಿದಳು. ಹಿಂಬದಿಯಲ್ಲಿ ರಸ್ತೆ ಮೂಲೆಯ ಝೆರಾಕ್ಸ್ ಅಂಗಡಿಯ ಸೀಲು!

“ನಿಮ್ಮ ಕೈಯಿಂದ ಫೋಟೋ ಇಸ್ಕೊಂಡ ತಕ್ಷಣ ಮೊದಲು ನೋಡಿದ್ದೇ ಮೂಲೆ. ನೂರು ಸಲ ಕಥೆ ಹೇಳಿದೀರಲ್ಲ. ಅಸಲಿ ಫೋಟೋದ್ದೇ ಒಂದು ಝೆರಾಕ್ಸ್ ಕಾಪಿ ಮಾಡಿಸಿ, ಅದಕ್ಕೂ ಮೂಲೆ ಕತ್ತರಿಸಿ ಇಟ್ಟೆ” ಅಂದಳು. ನಾನು ಚಾಪೆ ಕೆಳಗೆ ತೂರಿದ್ದರೆ ಅವಳು ರಂಗೋಲಿ ಕೆಳಗೆ ತೂರಿದ್ದಳು.

ಅಂಗಡಿಯವನು ಕರ್ಚೀಫು ಬಾಯಿಗಿಟ್ಟುಕೊಂಡು ಗೋಡೆ ಕಡೆ ತಿರುಗಿದ. ಅವಳು ಮಾತ್ರ ನಗಲಿಲ್ಲ. ಸೊಂಟದ ಮೇಲೆ ಕೈಯಿಟ್ಟು ಕೇಳಿದಳು:

“ಮೇಷ್ಟ್ರೇ, ಕಾಪಿ ಹೊಡೆದು ಸಿಕ್ಕಿಬಿದ್ದವರನ್ನ ನೀವು ಏನ್ ಮಾಡ್ತಿದ್ರಿ?”

ಮೂವತ್ತು ವರ್ಷದ ಅಭ್ಯಾಸ, ಬಾಯಿ ತಾನಾಗೇ ಹೇಳಿಬಿಟ್ಟಿತು: “ಪೇಪರ್ ಕಿತ್ಕೊಂಡು ಆಚೆ ಕಳಿಸ್ತಿದ್ದೆ.”

ಅವಳು ಹಿಂದಿನ ಬಚ್ಚಲ ಕಡೆ ಕೈ ತೋರಿಸಿದಳು.

“ಪೇಪರೆಲ್ಲ ಇಲ್ಲಿ ಕೊಡಿ. ಆಚೆ ಬನ್ನಿ.”